ನಮ್ಮ ಅಂಗಳದ ಮಸಲ್ ಕಾರ್

ನಮ್ಮ ತರಗತಿಯ ಹುಡುಗರಿಗೆ ಫೋರ್ಡ್ ಮಸ್ಟಾಂಗ್ ಬಗ್ಗೆ ಗೊತ್ತಿರುವಷ್ಟು ಲೆಕ್ಕಶಾಸ್ತ್ರದ ಬಗ್ಗೆ ಗೊತ್ತಿದ್ದರೆ ಕಾಲೇಜಿನ ಫಲಿತಾಂಶವೇ ಬೇರೆ ಇರುತ್ತಿತ್ತು. ಅದರ ಎಂಜಿನ್ 5 ಲೀಟರ್‌ನ ವಿ8, ಶಕ್ತಿ ಸುಮಾರು 400 ಅಶ್ವಶಕ್ತಿ, ಭಾರತದಲ್ಲಿ ಮಾರಾಟಕ್ಕೆ ಬಂದದ್ದು 2016ರಲ್ಲಿ. ಎಲ್ಲ ಬಾಯಿಪಾಠ. ಅದರ ಜಿಟಿ ಮಾದರಿಯಲ್ಲಿ ‘ಲೈನ್ ಲಾಕ್’ ಎಂಬ ಗುಟ್ಟಿನ ಸೌಲಭ್ಯ ಇದೆಯಂತೆ, ಮುಂದಿನ ಗಾಲಿಗಳ ಬ್ರೇಕ್ ಮಾತ್ರ ಹಿಡಿದುಕೊಂಡು ಹಿಂದಿನ ಗಾಲಿಗಳನ್ನು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸಬಹುದಂತೆ ಎಂದು ಕೊನೆಯ ಬೆಂಚಿನಲ್ಲಿ ದಿನಾ ಚರ್ಚೆ. ಜೇವರ್ಗಿಯ ರಸ್ತೆಯಲ್ಲಿ ನಾನು ಇವತ್ತಿನವರೆಗೆ ಒಂದೇ ಒಂದು ಮಸ್ಟಾಂಗ್ ನೋಡಿಲ್ಲ. ನಾನು ನೋಡಿದ್ದು ಟ್ರ್ಯಾಕ್ಟರ್. ಹೀಗೆ ಚರ್ಚೆ ಮಾಡುವ ಹುಡುಗರಲ್ಲಿ ಅರ್ಧ ಜನರ ಮನೆಯ ಮುಂದೆ ನಿಂತಿರುವುದೂ ಅದೇ.

ಮಸಲ್ ಕಾರ್ ಎಂದರೆ ಏನು? ಸಾಧಾರಣ ಮೈಗೆ ದೊಡ್ಡ ಎಂಜಿನ್, ಶಕ್ತಿಯೆಲ್ಲ ಹಿಂದಿನ ಗಾಲಿಗೆ. ಅಮೆರಿಕದವರು 1964ರ ಪಾಂಟಿಯಾಕ್ ಜಿಟಿಓ ಕಾರಿನಿಂದ ಈ ಲೆಕ್ಕ ಶುರು ಮಾಡುತ್ತಾರೆ. ಈ ಅರ್ಥದಲ್ಲಿ ನಮ್ಮ ತಾಲ್ಲೂಕಿನ ಮಸಲ್ ಕಾರ್ ಟ್ರ್ಯಾಕ್ಟರೇ. ಇದನ್ನು ಹಾಸ್ಯಕ್ಕೆ ಹೇಳುತ್ತಿಲ್ಲ. ಲ್ಯಾಂಬೋರ್ಗಿನಿ ಎಂದು ಕಣ್ಣರಳಿಸುವ ಗೆಳೆಯರು ತಿಳಿಯಬೇಕು, ಆ ಹೆಸರಿನ ಇಟಲಿಯ ಮನುಷ್ಯ ಮೊದಲು ಕಟ್ಟಿದ್ದು ಟ್ರ್ಯಾಕ್ಟರ್ ಕಂಪನಿಯನ್ನು, 1948ರಲ್ಲಿ. ಕಾರಿನ ಕಂಪನಿ ಶುರುವಾಗಿದ್ದು 1963ರಲ್ಲಿ.

ನನ್ನ ದೂರು ಇಷ್ಟೇ. ಕಾಣದ ಕಾರಿನ ಗುಟ್ಟಿನ ಸೌಲಭ್ಯ ನಮಗೆ ಗೊತ್ತು. ಮನೆಯ ಟ್ರ್ಯಾಕ್ಟರಿನಲ್ಲಿ ಇರುವ ಸೌಲಭ್ಯ ಮಾತ್ರ ನಮಗೂ ಗೊತ್ತಿಲ್ಲ, ಎಷ್ಟೋ ಸಲ ಅದನ್ನು ಓಡಿಸುವವರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ಹೋದರೆ ಮಸ್ಟಾಂಗ್ ಓಡಿಸುವವನಿಗೆ ಒಂದು ಮೋಜು ತಪ್ಪಬಹುದು. ನಮ್ಮಲ್ಲಿ ಜನ ಸಾಯುತ್ತಾರೆ.

ಮೊದಲು ಬ್ರೇಕ್ ಬಗ್ಗೆಯೇ ಹೇಳುತ್ತೇನೆ. ಟ್ರ್ಯಾಕ್ಟರಿನ ಬಲಗಾಲಿನ ಕೆಳಗೆ ಬ್ರೇಕ್ ಪೆಡಲ್ ಒಂದಲ್ಲ, ಎರಡು. ಒಂದು ಎಡಗಡೆಯ ಹಿಂದಿನ ಗಾಲಿಗೆ, ಇನ್ನೊಂದು ಬಲಗಡೆಯದಕ್ಕೆ. ಹೊಲದ ಬದುವಿನ ಹತ್ತಿರ ತಿರುಗಿಸುವಾಗ ಒಳಬದಿಯ ಪೆಡಲ್ ಒಂದನ್ನೇ ಒತ್ತಿದರೆ ಆ ಗಾಲಿ ನಿಂತು, ಟ್ರ್ಯಾಕ್ಟರ್ ಅದರ ಸುತ್ತಲೇ ತಿರುಗುತ್ತದೆ. ಅಷ್ಟು ಜಾಗ ಉಳಿಯುತ್ತದೆ. ಲೈನ್ ಲಾಕ್ ಮುಂದಿನ ಎರಡು ಗಾಲಿ ಹಿಡಿದರೆ ಇದು ಹಿಂದಿನ ಒಂದನ್ನು ಹಿಡಿಯುತ್ತದೆ, ಹೊಗೆಗೆ ಬದಲು ಕೆಲಸ ಆಗುತ್ತದೆ. ಈ ಎರಡು ಪೆಡಲ್‌ಗಳ ನಡುವೆ ಒಂದು ಚಿಕ್ಕ ಕಬ್ಬಿಣದ ಚಿಲಕವೂ ಇರುತ್ತದೆ. ರಸ್ತೆಗೆ ಬರುವ ಮೊದಲು ಆ ಚಿಲಕ ಹಾಕಿ ಎರಡನ್ನೂ ಒಂದು ಮಾಡಬೇಕು. ಹಾಕದೆ 30 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವಾಗ ಎಮ್ಮೆ ಅಡ್ಡ ಬಂತು, ಗಾಬರಿಯಲ್ಲಿ ಕಾಲು ಒಂದೇ ಪೆಡಲ್ ಮೇಲೆ ಬಿತ್ತು ಎಂದುಕೊಳ್ಳಿ. ಒಂದು ಗಾಲಿ ನಿಲ್ಲುತ್ತದೆ, ಇನ್ನೊಂದು ಓಡುತ್ತದೆ, ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ನಮ್ಮ ಕಡೆಯ ಹೆಚ್ಚಿನ ಟ್ರಾಲಿಗಳಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. ಆದ್ದರಿಂದ ತೊಗರಿ ಚೀಲವೋ ಕಬ್ಬೋ ತುಂಬಿದ ಟ್ರಾಲಿ ನಿಲ್ಲದೆ ಹಿಂದಿನಿಂದ ತಳ್ಳುತ್ತದೆ. ಮುಂದೆ ಏನಾಗುತ್ತದೆ ಎಂದು ಬರೆಯಬೇಕಾಗಿಲ್ಲ.

ಕಲಬುರಗಿಯಿಂದ ಕಟ್ಟಿ ಸಂಗಾವಿಯ ಭೀಮಾ ಸೇತುವೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ, ಬಸ್ಸುಗಳ ನಡುವೆಯೇ ನಮ್ಮ ಟ್ರ್ಯಾಕ್ಟರುಗಳೂ ಬರುತ್ತವೆ. ಅವುಗಳಲ್ಲಿ ಎಷ್ಟಕ್ಕೆ ಚಿಲಕ ಹಾಕಿರುತ್ತದೆ? ನಮ್ಮ ಓಣಿಯಲ್ಲಿ ನಿಂತಿದ್ದ ಆರು ಟ್ರ್ಯಾಕ್ಟರುಗಳನ್ನು ಬಗ್ಗಿ ನೋಡಿದೆ. ಎರಡಕ್ಕೆ ಹಾಕಿತ್ತು. ಎರಡಕ್ಕೆ ಹಾಕಿರಲಿಲ್ಲ. ಉಳಿದ ಎರಡರಲ್ಲಿ ಚಿಲಕವೇ ಮುರಿದು ಹೋಗಿತ್ತು. ಅದರ ಮಾಲೀಕರನ್ನು ಕೇಳಿದರೆ, “ಅದು ಏನಕ್ಕೆ ಬೇಕು?” ಎಂದು ನನ್ನನ್ನೇ ಕೇಳಿದರು.

ಇನ್ನು ಸೀಟಿನ ಬಲಗಡೆಯ ಎರಡು ಲಿವರ್‌ಗಳು. ಒಂದು ಪೊಸಿಷನ್, ಇನ್ನೊಂದು ಡ್ರಾಫ್ಟ್. ನಮ್ಮಲ್ಲಿ ಬಹಳ ಜನ ಒಂದನ್ನೇ ಎತ್ತಿ ಇಳಿಸಿ ಎಲ್ಲ ಕೆಲಸ ಮುಗಿಸುತ್ತಾರೆ. ಪೊಸಿಷನ್ ಲಿವರ್ ಉಪಕರಣವನ್ನು ಒಂದೇ ಎತ್ತರದಲ್ಲಿ ಹಿಡಿಯುತ್ತದೆ. ಬಿತ್ತನೆಗೆ, ರೋಟಾವೇಟರಿಗೆ ಅದು ಸರಿ. ಡ್ರಾಫ್ಟ್ ಲಿವರ್ ಮಣ್ಣಿನ ಬಿಗಿಯನ್ನು ಅಳೆಯುತ್ತದೆ. ನೇಗಿಲು ಗಟ್ಟಿ ಜಾಗಕ್ಕೆ ಬಂದರೆ ಮೇಲಿನ ಕೊಂಡಿಯ ಮೇಲೆ ಒತ್ತಡ ಹೆಚ್ಚುತ್ತದೆ, ಆಗ ಹೈಡ್ರಾಲಿಕ್ ನೇಗಿಲನ್ನು ತಾನೇ ಸ್ವಲ್ಪ ಎತ್ತುತ್ತದೆ. ಜಾಗ ದಾಟಿದ ಮೇಲೆ ಮತ್ತೆ ಇಳಿಸುತ್ತದೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಅಂಥ ನೆಲದಲ್ಲಿ ಪೊಸಿಷನ್ ಲಿವರ್ ಮೇಲೆಯೇ ನೇಗಿಲು ಹೊಡೆದರೆ ಎಂಜಿನ್ ಗೊರಗುಟ್ಟುತ್ತದೆ, ಡೀಸೆಲ್ ಕುಡಿಯುತ್ತದೆ.

ಈ ಲಿವರಿನ ಹಿಂದೆ ಒಂದು ಕಥೆ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಐರ್ಲೆಂಡಿನ ಮೆಕ್ಯಾನಿಕ್ ಹ್ಯಾರಿ ಫರ್ಗ್ಯೂಸನ್ ರೈತರ ಟ್ರ್ಯಾಕ್ಟರುಗಳನ್ನು ನೋಡುತ್ತಾ ತಿರುಗಿದ. ಆಗ ನೇಗಿಲನ್ನು ಗಾಡಿಯ ಹಾಗೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕಿ ನಿಂತರೆ ಹಿಂದಿನ ಗಾಲಿ ತಿರುಗಲಾರದೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಮಗುಚಿ ಚಾಲಕನ ಮೇಲೆಯೇ ಬೀಳುತ್ತಿತ್ತು. ನೇಗಿಲು ಮತ್ತು ಟ್ರ್ಯಾಕ್ಟರ್ ಎರಡನ್ನೂ ಮೂರು ಕೊಂಡಿಗಳಿಂದ ಒಂದೇ ದೇಹ ಮಾಡುವ ದಾರಿಯನ್ನು ಅವನು ಕಂಡುಹಿಡಿದ. 1939ರಲ್ಲಿ ಹೆನ್ರಿ ಫೋರ್ಡ್ ಜೊತೆ ಸೇರಿ ಅದನ್ನು ಮಾರುಕಟ್ಟೆಗೆ ತಂದ. ಅಂದರೆ ಮಸ್ಟಾಂಗ್ ಮಾಡಿದ ಅದೇ ಫೋರ್ಡ್ ಕಂಪನಿ, ಮಸ್ಟಾಂಗ್‌ಗಿಂತ 25 ವರ್ಷ ಮೊದಲು. ಇವತ್ತು ಜೇವರ್ಗಿಯ ಸಂತೆಗೆ ಬಂದ ಯಾವ ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತರೂ ಆ ಮೂರು ಕೊಂಡಿ ಕಾಣುತ್ತವೆ.

ಅಷ್ಟಾದರೂ ಟ್ರ್ಯಾಕ್ಟರ್ ಇನ್ನೂ ಮಗುಚುತ್ತದೆ. ಕಾರಣ ಸರಪಳಿ ಕಟ್ಟುವ ಜಾಗ. ಕೆಸರಿನಲ್ಲಿ ಸಿಕ್ಕ ಲಾರಿಯನ್ನೋ ಮರದ ಬೊಡ್ಡೆಯನ್ನೋ ಎಳೆಯುವಾಗ ಸರಪಳಿಯನ್ನು ಕೆಳಗಿನ ಡ್ರಾಬಾರ್‌ಗೆ ಮಾತ್ರ ಕಟ್ಟಬೇಕು. ಮೇಲಿನ ಕೊಂಡಿಗೋ ಆಕ್ಸಲ್‌ಗೋ ಕಟ್ಟಿದರೆ ಎಳೆತದ ಬಲ ಮೂತಿಯನ್ನು ಮೇಲೆತ್ತುತ್ತದೆ. ಅದು ಮಗುಚಲು ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಸಾಕು, ಕ್ಲಚ್ ಒತ್ತಬೇಕು ಎಂದು ನೆನಪಾಗುವುದರೊಳಗೆ ಮುಗಿದಿರುತ್ತದೆ. ಟ್ರ್ಯಾಕ್ಟರೇ ಕೆಸರಿನಲ್ಲಿ ಸಿಕ್ಕರೆ ಮುಂದಕ್ಕೆ ಜಗ್ಗದೆ ರಿವರ್ಸ್ ಗೇರಿನಲ್ಲಿ ಹೊರಬರುವುದು ಒಳ್ಳೆಯದು. ಒಂದೇ ಗಾಲಿ ಜಾರುತ್ತಿದ್ದರೆ ಹಿಮ್ಮಡಿಯ ಹತ್ತಿರದ ಡಿಫರೆನ್ಷಿಯಲ್ ಲಾಕ್ ಒತ್ತಿ. ಎರಡೂ ಗಾಲಿ ಒಟ್ಟಿಗೆ ತಿರುಗುತ್ತವೆ. ಆಗ ನೇರವಾಗಿ ಮಾತ್ರ ಹೋಗಬೇಕು, ತಿರುಗಿಸುವ ಮೊದಲು ಬಿಡಬೇಕು.

ಹಾಗಿದ್ದರೂ ಮೂತಿ ಎತ್ತಿಸುವುದನ್ನೇ ಗಂಡಸುತನ ಎಂದುಕೊಂಡವರಿದ್ದಾರೆ. ಮೊಬೈಲಿನಲ್ಲಿ ಅಂಥ ವಿಡಿಯೋ ಬೇಕಾದಷ್ಟು ಸಿಗುತ್ತವೆ. ಪಂಜಾಬಿನಲ್ಲಿ 2023ರ ಅಕ್ಟೋಬರಿನಲ್ಲಿ ಒಬ್ಬ ಯುವಕ ಹಳ್ಳಿಯ ಕ್ರೀಡಾಕೂಟದಲ್ಲಿ ಹೀಗೆ ಸಾಹಸ ಮಾಡುವಾಗ ತನ್ನದೇ ಟ್ರ್ಯಾಕ್ಟರಿನ ಕೆಳಗೆ ಸತ್ತ. ಅದಾದ ಮೇಲೆ ಅಲ್ಲಿನ ಸರ್ಕಾರ ಇಂಥ ಪ್ರದರ್ಶನಗಳನ್ನು ನಿಷೇಧಿಸಿತು. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರಾಲಿ ಸಮೇತ ಟ್ರ್ಯಾಕ್ಟರನ್ನು ಹಿಂದಕ್ಕೆ ಓಡಿಸುವ ರಿವರ್ಸ್ ಸ್ಪರ್ಧೆ ಇಡುತ್ತಾರೆ. ನನಗೆ ಅದು ಇಷ್ಟ. ಟ್ರಾಲಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಅಲ್ಲಿ ಅಶ್ವಶಕ್ತಿ ನಡೆಯುವುದಿಲ್ಲ, ತಲೆ ನಡೆಯಬೇಕು. ಮೂತಿ ಎತ್ತುವವನಿಗೆ ಹೊಡೆಯುವ ಸಿಳ್ಳೆಯನ್ನು ನಾವು ಇವರಿಗೆ ಹೊಡೆಯಬೇಕು.

ಈಗ ಹೇಳುವುದು ಹುಡುಗಿಯರಿಗೂ ಸಂಬಂಧಿಸಿದ್ದು. ರಾಶಿ ಯಂತ್ರವನ್ನು ತಿರುಗಿಸುವ, ಟ್ರ್ಯಾಕ್ಟರಿನ ಹಿಂದಿನ ಪಿಟಿಓ ಶಾಫ್ಟ್ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಭಾಗಿಸಿ ನೋಡಿ, ಸೆಕೆಂಡಿಗೆ 9 ಸುತ್ತು. ಶಾಫ್ಟಿನ ಸುತ್ತಳತೆ 25 ಸೆಂಟಿಮೀಟರ್ ಎಂದು ಹಿಡಿದರೂ ಒಂದು ಸೆಕೆಂಡಿನಲ್ಲಿ ಅದು ಎರಡೂಕಾಲು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಒಂದು ದುಪಟ್ಟಾದ ಉದ್ದ ಹೆಚ್ಚು ಕಡಿಮೆ ಅಷ್ಟೇ. ಸೀರೆಯ ಸೆರಗು, ಹೆಗಲ ಮೇಲಿನ ಟವೆಲ್, ಬಿಟ್ಟ ಜಡೆ, ಎಲ್ಲಕ್ಕೂ ಇದೇ ಲೆಕ್ಕ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇರಬೇಕು. ಗ್ರೀಸ್ ಹಚ್ಚಲು ಅಡ್ಡ ಎಂದು ಅದನ್ನು ಕಿತ್ತು ಮೂಲೆಗೆ ಎಸೆದಿರುತ್ತಾರೆ. ರಾಶಿಗೆ ಹೋಗುವ ನಮ್ಮ ತಾಯಂದಿರು ಯಾವ ಗಾಡಿಯ ಮಾಲೀಕರೂ ಅಲ್ಲ, ಆದರೆ ಆ ಶಾಫ್ಟಿನ ಹತ್ತಿರ ನಿಲ್ಲುವವರು ಅವರೇ.

ನಾನು ವಾಣಿಜ್ಯ ವಿದ್ಯಾರ್ಥಿ, ಆದ್ದರಿಂದ ದುಡ್ಡಿನ ಮಾತನ್ನೂ ಸ್ವಲ್ಪ ಆಡುತ್ತೇನೆ. ಕೆಲವು ಹೊಸ ಟ್ರ್ಯಾಕ್ಟರುಗಳಲ್ಲಿ ‘ಎಕಾನಮಿ ಪಿಟಿಓ’ ಇರುತ್ತದೆ. ನೀರಿನ ಪಂಪಿನಂಥ ಹಗುರ ಕೆಲಸಕ್ಕೆ ಅದನ್ನು ಹಾಕಿದರೆ ಎಂಜಿನ್ ನಿಧಾನ ಓಡಿಯೂ ಶಾಫ್ಟ್ 540 ಸುತ್ತೇ ತಿರುಗುತ್ತದೆ. ಗಂಟೆಗೆ ಅರ್ಧ ಲೀಟರ್ ಡೀಸೆಲ್ ಉಳಿದರೂ 200 ಗಂಟೆಗೆ 100 ಲೀಟರ್. ಇನ್ನೊಂದು ಉಪಾಯಕ್ಕೆ ಸುಣ್ಣದ ಕಡ್ಡಿ ಸಾಕು. ಹಿಂದಿನ ಗಾಲಿಗೆ ಒಂದು ಗೆರೆ ಎಳೆಯಿರಿ. ಹೊಲದಲ್ಲಿ ನೇಗಿಲು ಎತ್ತಿ ಹಿಡಿದು ಗಾಲಿ 10 ಸುತ್ತು ತಿರುಗುವಷ್ಟು ಓಡಿಸಿ, ದೂರ ಅಳೆಯಿರಿ. 40 ಮೀಟರ್ ಬಂತು ಎನ್ನಿ. ನೇಗಿಲು ಇಳಿಸಿ ಮತ್ತೆ 10 ಸುತ್ತು. 34 ಮೀಟರ್ ಬಂದರೆ ಗಾಲಿ ನೂರಕ್ಕೆ 15 ಜಾರುತ್ತಿದೆ ಎಂದರ್ಥ. ಅಷ್ಟರವರೆಗೆ ಪರವಾಗಿಲ್ಲ. 30 ಮೀಟರ್ ಮಾತ್ರ ಬಂದರೆ ನೂರಕ್ಕೆ 25 ಜಾರಿದಂತೆ. ಟೈರು ಸವೆದಿರಬೇಕು, ಇಲ್ಲವೇ ಹಿಂದೆ ಭಾರ ಸಾಲದು. ಟೈರಿನೊಳಗೆ ಮುಕ್ಕಾಲು ಭಾಗ ನೀರು ತುಂಬಿಸುವುದು ಇದಕ್ಕೆ ಅಗ್ಗದ ಔಷಧ. ಸಾಲದ ಕಂತು ಕಟ್ಟುವ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ.

ಕಂತು ಎಂದ ಕೂಡಲೇ ಇನ್ನೊಂದು ವಿಷಯ. ನಮ್ಮ ವಯಸ್ಸಿನವರು ಟ್ರ್ಯಾಕ್ಟರನ್ನು ರಸ್ತೆಗೆ ತರುವುದು ಇಲ್ಲಿ ಮಾಮೂಲು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧ ನಡೆದರೆ ಪಾಲಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ನೋಂದಣಿ ರದ್ದಾದ ವರ್ಷವೂ ಸಾಲದ ಕಂತು ನಿಲ್ಲುವುದಿಲ್ಲ. ಟ್ರಾಲಿಯಲ್ಲಿ ಜನರನ್ನು ತುಂಬಿಕೊಂಡು ಉರುಸಿಗೆ, ಜಾತ್ರೆಗೆ, ಮದುವೆಗೆ ಹೋಗುವುದು ಇನ್ನೂ ದೊಡ್ಡ ಅಪಾಯ. ಅದು ಸಾಮಾನು ಹೊರುವ ಗಾಡಿ. ಏನಾದರೂ ಆದರೆ ವಿಮೆಯ ಹಣಕ್ಕೆ ಕೋರ್ಟು ಅಲೆಯಬೇಕು.

ಇದೆಲ್ಲ ಎಲ್ಲಿ ಬರೆದಿದೆ? ಬಹುಪಾಲು ಟ್ರ್ಯಾಕ್ಟರ್ ಜೊತೆ ಕೊಡುವ ಕೈಪಿಡಿಯಲ್ಲಿದೆ. ಆ ಕೈಪಿಡಿ ಆರ್‌ಸಿ, ವಿಮೆ ಕಾಗದಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಮಲಗಿರುತ್ತದೆ. ನನ್ನ ಮಾಮು ಹತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಾರೆ, ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ. ಅವರು ಓದಿದ್ದು ಉರ್ದು ಶಾಲೆಯಲ್ಲಿ ಏಳನೆಯವರೆಗೆ, ಕನ್ನಡದ ಕೈಪಿಡಿ ಓದಲಾರರು. “ಪಾಂವ್ ಕು ಮಾಲೂಮ್ ಹೋನಾ, ಕಿತಾಬ್ ಕು ನಕ್ಕೋ” ಎನ್ನುತ್ತಿದ್ದರು. ಕಾಲಿಗೆ ಗೊತ್ತಿರಬೇಕು, ಪುಸ್ತಕಕ್ಕಲ್ಲ ಎಂದು. ಕಳೆದ ರಜೆಯಲ್ಲಿ ನಾನು ಓದಿದೆ, ಅವರು ಕೇಳಿದರು. ‘ಕರ್ಷಣ ನಿಯಂತ್ರಣ’ ಎಂಬ ಪದ ಬಂದಾಗ ಇಬ್ಬರಿಗೂ ತಿಳಿಯಲಿಲ್ಲ. (ಕೈಪಿಡಿ ಬರೆಯುವವರು ‘ಡ್ರಾಫ್ಟ್’ ಎಂದೇ ಬರೆದರೆ ಯಾರ ಕನ್ನಡವೂ ಕೆಡುವುದಿಲ್ಲ.) ಹೊಲಕ್ಕೆ ಹೋಗಿ ಲಿವರ್ ಎಳೆದು ನೋಡಿದ ಮೇಲೆ ಅರ್ಥವಾಯಿತು. ಈಗ ಮಾಮು ನೇಗಿಲಿಗೆ ಆ ಲಿವರನ್ನೇ ಬಳಸುತ್ತಾರೆ. ಕಾಲಿನ ಮಾತನ್ನು ಮಾತ್ರ ಇನ್ನೂ ವಾಪಸ್ ತೆಗೆದುಕೊಂಡಿಲ್ಲ.

ಕಾಲೇಜಿಗೆ ನನ್ನ ಕೋರಿಕೆ ದೊಡ್ಡದಲ್ಲ. ಮುಂಗಾರಿಗೆ ಮೊದಲು ಒಂದು ಶನಿವಾರ ಮಧ್ಯಾಹ್ನ ಮೈದಾನದಲ್ಲಿ ಒಂದು ಟ್ರ್ಯಾಕ್ಟರ್ ನಿಲ್ಲಿಸಲಿ. ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದಿಂದ ಯಾರಾದರೂ ಬಂದು ತೋರಿಸಲು ಆಗುತ್ತದೆಯೇ ಎಂದು ಪ್ರಾಚಾರ್ಯರು ಒಂದು ಪತ್ರ ಬರೆಯಲಿ. ಪೂರ್ತಿ ಕಲಿಯಬೇಕು ಎನ್ನುವ 18 ದಾಟಿದವರಿಗೆ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಸಂಸ್ಥೆಯೇ ಇದೆ. ಆ ಶನಿವಾರ ನಾವು ಯಾರೂ ಓಡಿಸುವುದು ಬೇಡ. ಪ್ರತಿಯೊಬ್ಬರೂ ಮನೆಯಿಂದ ತಮ್ಮ ಟ್ರ್ಯಾಕ್ಟರಿನ ಕೈಪಿಡಿ ತರಲಿ, ಓದಲು ಬಾರದ ಅಪ್ಪನನ್ನೋ ಚಿಕ್ಕಪ್ಪನನ್ನೋ ಜೊತೆಗೆ ಕರೆದುಕೊಂಡು ಬರಲಿ. ಹಾಗೆಯೇ ಟ್ರಾಲಿಯ ಹಿಂದೆ ಅಂಟಿಸುವ ಕೆಂಪು ರಿಫ್ಲೆಕ್ಟರ್ ಪಟ್ಟಿಯ ಒಂದು ಸುರುಳಿಯನ್ನು ವಿದ್ಯಾರ್ಥಿ ನಿಧಿಯಿಂದ ಕೊಂಡಿಟ್ಟರೆ, ಬಂದ ಗಾಡಿಗಳಿಗೆ ಅಂದೇ ಅಂಟಿಸಿ ಕಳಿಸಬಹುದು. ಕತ್ತರಿ ನಾನು ತರುತ್ತೇನೆ.