ಹತ್ತು ಜನರ ಕೆಲಸ, ಒಬ್ಬರ ಹೆಸರು

ಊರಿನವರೆಲ್ಲ ಕೂಡಿ ಕೆರೆಯ ಹೂಳೆತ್ತುವಾಗ ಊಟದ ವೆಚ್ಚವನ್ನು ಒಬ್ಬ ಸಾಹುಕಾರರು ವಹಿಸಿಕೊಳ್ಳುವುದುಂಟು. ಊರು ಆ ಉಪಕಾರವನ್ನು ಸ್ಮರಿಸುತ್ತದೆ. ಏರಿಯ ಮೇಲೆ ಅವರ ಹೆಸರಿನ ಕಲ್ಲು ನಿಲ್ಲಿಸಿದರೂ ಯಾರೂ ಆಕ್ಷೇಪಿಸರು. ಆದರೆ ಅವರು ಪೇಟೆಗೆ ಹೋಗಿ 'ಆ ಕೆರೆ ನಮ್ಮದು' ಎಂದು ಸಾರತೊಡಗಿದರೆ, ಗುದ್ದಲಿ ಹಿಡಿದವರು ಸುಮ್ಮನಿರುವರೆ? ಗಣಕಯಂತ್ರದ ಲೋಕದಲ್ಲಿ ಇಂಥದೇ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ.

ಓಪನ್ ಸೋರ್ಸ್ ತಂತ್ರಾಂಶವೆಂದರೆ ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶ. ಲೈಸೆನ್ಸು ಮೂಲಪಾಠವನ್ನು ಎಲ್ಲರಿಗೂ ತೆರೆದಿಡುತ್ತದೆ. ಹೆಸರನ್ನು ಹಾಗೆ ತೆರೆದಿಡುವುದಿಲ್ಲ. ಹೆಸರು ವ್ಯಾಪಾರಚಿಹ್ನೆಯಾಗಿ ಅನೇಕ ವೇಳೆ ಪೋಷಕ ಕಂಪೆನಿಯ ಸ್ವತ್ತಾಗಿಯೇ ಉಳಿಯುತ್ತದೆ. ತೊಡಕು ಹುಟ್ಟುವುದು ಇಲ್ಲಿಯೇ.

ಓಪನ್ ಆಫೀಸ್‌ನ ಕಥೆಯನ್ನು ನೋಡೋಣ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಕಂಪೆನಿಯು 1999ರಲ್ಲಿ ಸ್ಟಾರ್ ಡಿವಿಷನ್ ಎಂಬ ಜರ್ಮನ್ ಸಂಸ್ಥೆಯನ್ನು ಕೊಂಡು, ಅದರ ಕಚೇರಿ ತಂತ್ರಾಂಶದ ಮೂಲಪಾಠವನ್ನು 2000ದಲ್ಲಿ ಬಹಿರಂಗಗೊಳಿಸಿತು. ಮುಂದಿನ ಹತ್ತು ವರ್ಷ ಅದರ ಬಹುಭಾಗವನ್ನು ಬರೆದವರು ಸನ್ ಕಂಪೆನಿಯ ಸಂಬಳದ ತಂತ್ರಜ್ಞರೇ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ನಾನಾ ಭಾಷೆಗಳಿಗೆ ಅದನ್ನು ತಂದವರು, ದೋಷಗಳನ್ನು ಹುಡುಕಿದವರು, ಕೈಪಿಡಿ ಬರೆದವರು, ಜನಕ್ಕೆ ಪರಿಚಯಿಸಿದವರು ಬಹುಮಟ್ಟಿಗೆ ಸ್ವಯಂಸೇವಕರು.

2010ರಲ್ಲಿ ಸನ್ ಕಂಪೆನಿಯು ಒರಾಕಲ್‌ನ ಕೈಸೇರಿತು. ಅದರೊಡನೆ ಹೆಸರೂ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಮುದಾಯದ ಮುಂದಾಳುಗಳು ಡಾಕ್ಯುಮೆಂಟ್ ಫೌಂಡೇಷನ್ ಎಂಬ ಸ್ವತಂತ್ರ ಸಂಸ್ಥೆಯನ್ನು ಸ್ಥಾಪಿಸಿ, ಅದರಲ್ಲಿ ಸೇರುವಂತೆಯೂ ಹೆಸರನ್ನು ಬಿಟ್ಟುಕೊಡುವಂತೆಯೂ ಒರಾಕಲನ್ನು ಕೇಳಿಕೊಂಡರು. ಹೆಸರು ಬರಲಿಲ್ಲ, ಬದಲಾಗಿ, ಹೊಸ ಸಂಸ್ಥೆಗೆ ಸೇರಿದವರು ಹಳೆಯ ಸಮುದಾಯ ಮಂಡಳಿಯನ್ನು ಬಿಡಬೇಕೆಂಬ ಸೂಚನೆ ಬಂತು. ಅವರು ಲಿಬ್ರೆ ಆಫೀಸ್ ಎಂಬ ಹೊಸ ಹೆಸರಿನಿಂದ ಕೆಲಸವನ್ನು ಮುಂದುವರಿಸಿದರು. 2011ರಲ್ಲಿ ಒರಾಕಲ್ ಹಳೆಯ ತಂತ್ರಾಂಶವನ್ನು ಅಪಾಚೆ ಸಾಫ್ಟ್‌ವೇರ್ ಫೌಂಡೇಷನ್ನಿಗೆ ಒಪ್ಪಿಸಿತು. ಅಷ್ಟರಲ್ಲಿ ದುಡಿಯುವ ಕೈಗಳು ಬಹಳಷ್ಟು ಬೇರೆಡೆಗೆ ಹೋಗಿದ್ದುವು. ಇಂದು ಕನ್ನಡದಲ್ಲಿಯೂ ದೊರೆಯುವ ಲಿಬ್ರೆ ಆಫೀಸ್ ಆ ಕೈಗಳ ಫಲ. ಹಡ್ಸನ್ ಎಂಬ ಮತ್ತೊಂದು ತಂತ್ರಾಂಶದ ವಿಷಯದಲ್ಲಿಯೂ ಒರಾಕಲ್ ಹೆಸರಿನ ಹಕ್ಕನ್ನು ಮುಂದಿಟ್ಟಾಗ, ಅದರ ಸಮುದಾಯವು 2011ರ ಜನವರಿಯಲ್ಲಿ ಮತ ಚಲಾಯಿಸಿ ಜೆಂಕಿನ್ಸ್ ಎಂಬ ಹೆಸರನ್ನು ಆರಿಸಿಕೊಂಡಿತು.

ಕಂಪೆನಿಗಳು ಹಣ ಕೊಡಬಾರದೆಂದು ನಾವು ಹೇಳುತ್ತಿಲ್ಲ. 2014ರ ಏಪ್ರಿಲಿನಲ್ಲಿ ಓಪನ್ ಎಸ್‌ಎಸ್‌ಎಲ್ ಎಂಬ ಗೋಪ್ಯತಾ ತಂತ್ರಾಂಶದಲ್ಲಿ 'ಹಾರ್ಟ್‌ಬ್ಲೀಡ್' ಎಂಬ ದೋಷ ಬಯಲಾಯಿತು. ಅಂತರ್ಜಾಲದ ಬಹುದೊಡ್ಡ ಭಾಗ ಆತುಕೊಂಡಿದ್ದ ಆ ತಂತ್ರಾಂಶವನ್ನು ಬೆರಳೆಣಿಕೆಯ ಜನ ಅತ್ಯಲ್ಪ ದೇಣಿಗೆಯಲ್ಲಿ ಕಾಪಾಡಿಕೊಂಡು ಬರುತ್ತಿದ್ದರೆಂಬ ಸಂಗತಿ ಆಗ ಲೋಕಕ್ಕೆ ತಿಳಿಯಿತು. ಕೊಡದೆ ಬಳಸುವುದಕ್ಕಿಂತ ಕೊಟ್ಟು ಹೆಸರು ಹೇಳಿಕೊಳ್ಳುವುದು ಮೇಲು. ಆದರೆ ಪೋಷಕತ್ವ ಬೇರೆ, ಒಡೆತನ ಬೇರೆ.

ಈ ಭೇದ ಅಳಿಸಿದರೆ ಕೆಡುವುದು ಬರಿಯ ಮರ್ಯಾದೆಯಲ್ಲ. ಕಂಪೆನಿಯ ಯೋಜನೆಯನ್ನು ಬಳಕೆದಾರರು ಸಮುದಾಯದ ನಿರ್ಣಯವೆಂದು ಭ್ರಮಿಸುತ್ತಾರೆ. ಕಂಪೆನಿ ಕೈಬಿಟ್ಟ ದಿನ ತಂತ್ರಾಂಶವೇ ಸತ್ತಿತೆಂದು ಬೆದರುತ್ತಾರೆ. ಇರುಳು ನಿದ್ದೆಗೆಟ್ಟು ದೋಷ ತಿದ್ದಿದವನು ತನ್ನ ಕೆಲಸವನ್ನು ಪರರ ಜಾಹೀರಾತಿನಲ್ಲಿ ಕಂಡು, ಮಾತಿಲ್ಲದೆ ದೂರ ಸರಿಯುತ್ತಾನೆ. ಸಂಬಳವಿಲ್ಲದವನನ್ನು ಕೆಲಸದಲ್ಲಿ ಹಿಡಿದಿಡುವುದು ಗೌರವವೊಂದೇ.

ಇದಕ್ಕೆ ಪರಿಹಾರವಿಲ್ಲದಿಲ್ಲ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ದತ್ತಸಂಗ್ರಹ ತಂತ್ರಾಂಶವನ್ನು ನಡೆಸುವ ಕೇಂದ್ರ ತಂಡದಲ್ಲಿ ಒಂದೇ ಕಂಪೆನಿಯ ನೌಕರರು ಅರ್ಧಕ್ಕಿಂತ ಹೆಚ್ಚಿರಬಾರದೆಂಬ ಪದ್ಧತಿಯಿದೆ. 2020ರಲ್ಲಿ ಒಂದು ಕಂಪೆನಿಯು ಮತ್ತೊಂದನ್ನು ಕೊಂಡು ಈ ತೂಕ ತಪ್ಪಿದಾಗ, ತಂಡವು ಹೊರಗಿನ ಇಬ್ಬರನ್ನು ಸೇರಿಸಿಕೊಂಡು ಅದನ್ನು ಸರಿಪಡಿಸಿತು. ಅಲ್ಲಿ ಅನೇಕ ಕಂಪೆನಿಗಳು ಹಣ ಕೊಡುತ್ತವೆ, ಜನರನ್ನು ಕೊಡುತ್ತವೆ. ಆದರೂ ತಂತ್ರಾಂಶ ಯಾವ ಒಂದರದೂ ಅಲ್ಲ.

ಆದುದರಿಂದ ನಮ್ಮ ಸಲಹೆ ಸರಳವಾದುದು. ಸಮುದಾಯವು ತನ್ನ ಹೆಸರನ್ನು ಮೊದಲ ದಿನವೇ ಸ್ವತಂತ್ರ ಸಂಸ್ಥೆಯೊಂದರ ವಶದಲ್ಲಿಡಲಿ. ಜಗಳ ಬಂದ ಮೇಲೆ ಕೇಳಿದರೆ ಸಿಕ್ಕುವುದು ದುರ್ಲಭ. ಕಂಪೆನಿಯು 'ಇದು ನಮ್ಮ ತಂತ್ರಾಂಶ' ಎನ್ನುವುದರ ಬದಲು 'ಇದಕ್ಕೆ ನಾವು ಇಂತಿಷ್ಟು ನೆರವಾಗಿದ್ದೇವೆ' ಎಂದು ಹೇಳಲಿ. ಈ ಮಾತಿನಿಂದ ಅದರ ಕೀರ್ತಿ ಕುಂದದು. ಪತ್ರಿಕೆಗಳವರಾದ ನಾವೂ ಇಂತಹ ಕಂಪೆನಿಯ ತಂತ್ರಾಂಶವೆಂದು ಬರೆಯುವ ಮೊದಲು, ಅದು ನಿಜವಾಗಿ ಯಾರದೆಂದು ಒಮ್ಮೆ ವಿಚಾರಿಸಬೇಕು. ಆ ತಪ್ಪಿನಲ್ಲಿ ನಮ್ಮ ಪಾಲೂ ಇಲ್ಲದಿಲ್ಲ.