ಟ್ಯುಲಿಪ್ ಗೆಡ್ಡೆ ಕಲಿಸುವ ಪಾಠ

ಈರುಳ್ಳಿ ಗಾತ್ರದ ಒಂದು ಹೂವಿನ ಗೆಡ್ಡೆ. ಅದರ ಬೆಲೆ ಒಬ್ಬ ನುರಿತ ಕಸುಬುದಾರನ ಹತ್ತು ವರ್ಷದ ದುಡಿಮೆಗಿಂತ ಹೆಚ್ಚು! ಕಟ್ಟುಕಥೆಯಲ್ಲ, ರೈತ ಬಾಂಧವರೇ. 1637ರ ಆರಂಭದಲ್ಲಿ ಹಾಲೆಂಡಿನಲ್ಲಿ ನಡೆದದ್ದು. ಹೊಸ ಬೆಳೆಯ ಆಸೆ ಹುಟ್ಟಿದಾಗಲೆಲ್ಲ ನಾವು ಇದನ್ನು ನೆನಪಿಗೆ ತಂದುಕೊಳ್ಳುವುದು ಒಳ್ಳೆಯದು.

ಟ್ಯುಲಿಪ್ ಹಾಲೆಂಡಿನ ಮೂಲ ಗಿಡವಲ್ಲ. ಮಧ್ಯ ಏಷ್ಯಾದ ಪಾಮೀರ್, ತಿಯಾನ್ ಶಾನ್ ಬೆಟ್ಟಗಳು ಅದರ ತವರು. ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಒಣಹವೆ ಇರುವ ನಾಡು ಅದು. ತುರ್ಕಿಯವರು ಅದನ್ನು ತೋಟಕ್ಕೆ ತಂದು ಪಳಗಿಸಿದರು. 16ನೇ ಶತಮಾನದಲ್ಲಿ ಅದು ಯೂರೋಪಿಗೆ ಬಂತು. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1593ರಲ್ಲಿ ಲೈಡನ್ ಊರಿನ ವಿಶ್ವವಿದ್ಯಾಲಯದ ತೋಟದಲ್ಲಿ ಗೆಡ್ಡೆ ನೆಟ್ಟರು. ಮರುವರ್ಷ ಹೂ ಬಿಟ್ಟಿತು.

ಆ ಕಾಲದಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ದಳಗಳ ಮೇಲೆ ಬೆಂಕಿಯ ನಾಲಿಗೆಯಂತೆ ಬಣ್ಣದ ಗೆರೆ ಎಳೆದ ಹೂಗಳಿಗೆ. ಏಕೆ ಹಾಗೆ ಗೆರೆ ಮೂಡುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಅದು ವೈರಸ್ ರೋಗದ ಗುರುತು. ಗಿಡಹೇನು ಅದನ್ನು ಹರಡುತ್ತದೆ. ಇಂಗ್ಲೆಂಡಿನ ಡೊರೊಥಿ ಕೇಲಿ ಎಂಬ ವಿಜ್ಞಾನಿ ಇದು ಗೆಡ್ಡೆಯಿಂದ ಗೆಡ್ಡೆಗೆ ಅಂಟುವ ರೋಗವೆಂದು ತೋರಿಸಿದ್ದು 1928ರಲ್ಲಿ. ರೋಗ ತಗಲಿದ ಗೆಡ್ಡೆ ಬಡವಾಗುತ್ತದೆ, ಮರಿಗೆಡ್ಡೆ ಕಡಿಮೆ ಕೊಡುತ್ತದೆ. ಮರಿ ಕಡಿಮೆಯಾದ್ದರಿಂದ ಬೆಲೆ ಇನ್ನೂ ಏರಿತು. ನಮ್ಮ ಮಲೆನಾಡಿನ ಏಲಕ್ಕಿಗೆ ಬರುವ ಕಟ್ಟೆರೋಗವೂ ಗಿಡಹೇನು ಹರಡುವ ವೈರಸ್ಸೇ. ನಾವು ಅಂಥ ಗಿಡವನ್ನು ಕಿತ್ತು ಸುಡುತ್ತೇವೆ. ಅವರು ರೋಗಕ್ಕೇ ಹಣ ಕೊಟ್ಟು ಕೊಂಡರು!

ಇನ್ನು ವ್ಯಾಪಾರದ ರೀತಿ ನೋಡಿ. ಟ್ಯುಲಿಪ್ ಗೆಡ್ಡೆಯನ್ನು ಬೇಸಿಗೆಯಲ್ಲಿ ಅಗೆದು, ಚಳಿ ಬರುವ ಮುನ್ನ ಮತ್ತೆ ನೆಡಬೇಕು. ಚಳಿಗಾಲವಿಡೀ ಅದು ನೆಲದೊಳಗೆ. ಆದರೂ ವ್ಯಾಪಾರ ನಿಲ್ಲಲಿಲ್ಲ. ನೆಲದಲ್ಲಿದ್ದ ಗೆಡ್ಡೆಯನ್ನು ಕಣ್ಣಿನಿಂದ ನೋಡದೆ, ಬರಿಯ ಕರಾರಿನ ಮೇಲೆ ಒಬ್ಬರು ಇನ್ನೊಬ್ಬರಿಗೆ ಮಾರಿದರು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿದರು ಅನ್ನಿ. ಡಚ್ಚರೇ ಇದಕ್ಕೆ ಗಾಳಿ ವ್ಯಾಪಾರವೆಂದು ಹೆಸರಿಟ್ಟರು. 1637ರ ಫೆಬ್ರುವರಿಯಲ್ಲಿ ಹಾರ್ಲೆಮ್ ಊರಿನಲ್ಲಿ ಕೊಳ್ಳುವವರು ಹಿಂದೆ ಸರಿದರು, ಬೆಲೆ ಕುಸಿಯಿತು. ದೇಶವೇ ದಿವಾಳಿಯಾಯಿತೆಂಬುದು ಮಾತ್ರ ಉತ್ಪ್ರೇಕ್ಷೆ. ಕೊಟ್ಟ ಮಾತು ಮುರಿದು, ವ್ಯಾಪಾರಿಗಳ ನಡುವಿನ ನಂಬಿಕೆ ಹೋಯಿತು. ಕೊನೆಗೆ 1638ರಲ್ಲಿ, ಶೇ. 3.5ರಷ್ಟು ಹಣ ಕೊಟ್ಟು ಕೊಳ್ಳುವವರು ಕರಾರಿನಿಂದ ಬಿಡುಗಡೆ ಪಡೆಯಬಹುದೆಂದು ಹಾರ್ಲೆಮ್ ನಗರ ತೀರ್ಮಾನಿಸಿತು.

ನಮಗೂ ಇಂಥ ಅನುಭವ ಇಲ್ಲದಿಲ್ಲ. 2003ರ ಹೊತ್ತಿಗೆ ವೆನಿಲಾಕ್ಕೆ ಬಂದ ಬೆಲೆ, ಮುಂದಿನ ಎರಡು ಮೂರು ವರ್ಷಗಳಲ್ಲಿ ಅದು ಬಿದ್ದ ಪರಿ ಮಲೆನಾಡಿನವರಿಗೆ ಮರೆತಿಲ್ಲ. ಬಳ್ಳಿಯ ತುಂಡು ಮಾರಿದವರು ಹಣ ಎಣಿಸಿದರು. ತಡವಾಗಿ ನೆಟ್ಟವರು ಕೈ ಹಿಸುಕಿಕೊಂಡರು.

ಹಾಗಾದರೆ ಟ್ಯುಲಿಪ್ ನಮ್ಮಲ್ಲಿ ಬೆಳೆದೀತೇ? ಹೂ ನೋಡುವ ಆಸೆಗೆ ಕುಂಡದಲ್ಲಿ ಬೆಳೆಯಬಹುದು, ಕ್ರಮ ಹೀಗಿದೆ. ಗೆಡ್ಡೆಗೆ 12ರಿಂದ 14 ವಾರ, 9 ಡಿಗ್ರಿಗಿಂತ ಕಡಿಮೆ ಉಷ್ಣತೆಯ ಚಳಿ ಬೇಕೇ ಬೇಕು. ಬೆಂಗಳೂರಿನ ಚಳಿಗಾಲವೂ ಇದಕ್ಕೆ ಸಾಲದು, ಶೀತಲಪೆಟ್ಟಿಗೆಯಲ್ಲಿ ಇಡಬೇಕು. ಅಲ್ಲಿ ಮಾಗಿದ ಹಣ್ಣು ಇರಬಾರದು. ಹಣ್ಣಿನಿಂದ ಹೊರಡುವ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ನೀರು ಬಸಿಯುವ ಮರಳು ಮಿಶ್ರಿತ ಮಣ್ಣಿನಲ್ಲಿ, ಡಿಸೆಂಬರ್ ತಂಪಿನಲ್ಲಿ, ಸುಮಾರು 15 ಸೆಂ.ಮೀ. ಆಳದಲ್ಲಿ ನೆಡಿರಿ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಹೆಚ್ಚು ಗೆಡ್ಡೆ ಮುಟ್ಟುವವರಿಗೆ ಬೆರಳಿನ ಚರ್ಮ ಕೆರೆದೀತು, ಕೈಗವಸು ಇರಲಿ. ದನಗಳ ಬಾಯಿಗೆ ಗೆಡ್ಡೆ ಸಿಗದಂತೆ ನೋಡಿಕೊಳ್ಳಿ.

ಹೂ ಬಾಡಿದ ಮೇಲೆ ಎಲೆ ವಾರಗಟ್ಟಲೆ ಹಸಿರಾಗಿದ್ದು ಹೊಸ ಗೆಡ್ಡೆಗೆ ಆಹಾರ ತುಂಬಬೇಕು. ಏಕೆಂದರೆ ತಾಯಿಗೆಡ್ಡೆ ಪ್ರತಿ ವರ್ಷ ಸವೆದು ಹೋಗಿ, ಮರಿಗೆಡ್ಡೆ ಅದರ ಜಾಗಕ್ಕೆ ಬರುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಎಲೆ ಬೇಗ ಒಣಗುತ್ತದೆ, ಗೆಡ್ಡೆ ಸೊರಗುತ್ತದೆ. ಮರುವರ್ಷ ಹೂವಿಲ್ಲ; ಮತ್ತೆ ಗೆಡ್ಡೆ ಕೊಳ್ಳಬೇಕು. ಶ್ರೀನಗರದಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ತೋಟಕ್ಕೆ ಹಿಮದ ಚಳಿ ಪುಕ್ಕಟೆ ಸಿಗುತ್ತದೆ. ನಮಗೆ ಆ ಚಳಿಗೆ ವಿದ್ಯುತ್ ಬಿಲ್ ಕಟ್ಟಬೇಕು. ಆದ್ದರಿಂದ ಸಾಲ ಮಾಡಿ ಎಕರೆಗಟ್ಟಲೆ ಹಾಕುವ ಬೆಳೆ ಇದಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಲೆಂಡಿನಿಂದ ಕಲಿಯಬೇಕಾದ್ದು ಬೇರೆ ಇದೆ. ಆ ಹುಚ್ಚು ಇಳಿದ ಮೇಲೂ ಅಲ್ಲಿನ ರೈತರು ಟ್ಯುಲಿಪ್ ಬಿಡಲಿಲ್ಲ. ಸಾಲುಸಾಲಾಗಿ ನಡೆದು ರೋಗದ ಗಿಡ ಕೀಳುತ್ತಾರೆ. ಗೆಡ್ಡೆ ಬಲಿಯಲೆಂದು ಅರಳಿದ ಹೂವನ್ನೇ ಕತ್ತರಿಸಿ ಹಾಕುತ್ತಾರೆ. ತಪಾಸಣೆಯಾಗದ ಗೆಡ್ಡೆಯನ್ನು ಮಾರುವಂತಿಲ್ಲ. ಅವರಿಗೆ ಅನ್ನ ಕೊಟ್ಟದ್ದು ಈ ಶ್ರಮ, ಗಾಳಿ ವ್ಯಾಪಾರವಲ್ಲ.

ನಾಳೆ ಯಾರಾದರೂ ನಿಮ್ಮ ಊರಿಗೆ ಬಂದು, ಹೊಸ ಬೆಳೆಯ ಗೆಡ್ಡೆಯನ್ನೋ ಸಸಿಯನ್ನೋ ತೋರಿಸಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂದರೆ ಮೂರು ಮಾತು ಕೇಳಿ. ಕೊನೆಗೆ ಇದನ್ನು ಬಳಸುವವರು ಯಾರು? ನಮ್ಮ ಹವೆಯಲ್ಲಿ ಬೆಳೆದು ತೋರಿಸಿದವರು ಯಾರು? ರೋಗವಿಲ್ಲವೆಂದು ಬರೆದುಕೊಡುವವರು ಯಾರು? ಮೂರಕ್ಕೂ ಉತ್ತರ ಸಿಗದಿದ್ದರೆ ಹಣದ ಚೀಲದ ಬಾಯಿ ಕಟ್ಟಿಬಿಡಿ. ಗೆಡ್ಡೆ ಮಾರುವವನ ಲಾಭ ಅಂದೇ ಕೈಗೆ ಬರುತ್ತದೆ. ನಿಮ್ಮದು ಇನ್ನೂ ಮಣ್ಣಿನೊಳಗೇ ಇರುತ್ತದೆ.