ಜಾನ್ ಹರ್ಟ್ ಆರಿಸಿದ ಗಿಟಾರ್

ಅಮೆರಿಕದ ಬ್ಲೂಸ್ ಗಾಯಕ ಮಿಸಿಸಿಪಿ ಜಾನ್ ಹರ್ಟ್ ಅವರನ್ನು ಅಭಿಮಾನಿಗಳು 1963ರಲ್ಲಿ ಅವಲಾನ್ ಎಂಬ ಹಳ್ಳಿಯಲ್ಲಿ ಪತ್ತೆಹಚ್ಚಿದರು. 1928ರಲ್ಲೇ ಧ್ವನಿಮುದ್ರಣ ನೀಡಿದ್ದ ಆ ಕೃಷಿಕಾರ್ಮಿಕರ ಬಳಿ ಆಗ ಸ್ವಂತ ಗಿಟಾರೂ ಇರಲಿಲ್ಲ. ಮುಂದೆ ನ್ಯೂಪೋರ್ಟ್ ಜಾನಪದ ಪ್ರತಿಷ್ಠಾನ ಅವರಿಗೊಂದು ವಾದ್ಯವನ್ನು ಕೊಡಿಸಿತು. ಬೆಲೆಬಾಳುವ ಗಿಟಾರುಗಳು ಎದುರಿಗಿದ್ದರೂ ವೃದ್ಧರು ಆರಿಸಿಕೊಂಡದ್ದು ಗಿಲ್ಡ್ ಕಂಪನಿಯ ಸರಳವಾದ, ಸಣ್ಣ ಒಡಲಿನ ಎಫ್-30.

ಇದನ್ನು ಬಡವರ ಸಂಕೋಚವೆಂದಷ್ಟೇ ತಿಳಿಯಲಾಗದು. ಹರ್ಟ್ ಅವರ ವಾದನದಲ್ಲಿ ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಎಡೆಬಿಡದೆ ಲಯ ಹಿಡಿದಿರುತ್ತದೆ. ಹಾಡಿನ ಧಾಟಿಯನ್ನು ಉಳಿದ ಬೆರಳುಗಳು ತೆಳುತಂತಿಗಳಲ್ಲಿ ನುಡಿಸುತ್ತವೆ. ಡ್ರೆಡ್‌ನಾಟ್ ಎಂಬ ದೊಡ್ಡ ಗಿಟಾರಿನಲ್ಲಿ ಮಂದ್ರದ ಮೊಳಗು ಆ ಧಾಟಿಯನ್ನು ಮುಸುಕುವುದುಂಟು. ಸಣ್ಣ ಒಡಲಾದರೋ ಮೆಲುವಾದ ಮೀಟಿಗೂ ಥಟ್ಟನೆ ದನಿಗೊಡುತ್ತದೆ, ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಕತ್ತಿನ ಅಗಲವನ್ನೂ ನೋಡಬೇಕು: ತಂತಿಗಳು ಹಾಯುವ ಮೇಲ್ತುದಿಯ ಪಟ್ಟಿ ಸುಮಾರು 44 ಮಿಲಿಮೀಟರ್ ಇದ್ದರೆ ಬೆರಳುಗಳಿಗೆ ಇಕ್ಕಟ್ಟಾಗದು. ಅಂಗಡಿಯಾತ ಮೊದಲು ಹೊಗಳುವುದು ಮರವನ್ನು. ಅದು ಕೊನೆಗೆ ವಿಚಾರಿಸಬೇಕಾದ ಮಾತು.

ಹರ್ಟ್ 1966ರಲ್ಲಿ ತೀರಿಕೊಂಡರು. ಮೂವತ್ತೈದು ವರ್ಷ ಕಾದ ಸಭೆಗಳು ಅವರಿಗೆ ದೊರೆತದ್ದು ಮೂರೇ ವರ್ಷ.